ತಪಸ್ವಿನಿಯ ಕೈನಡುಕ

ಶಿರಗುಪ್ಪಿ
೬ ಅಕ್ಟೋಬರ್ ೨೦೨೪

ಪ್ರೀತಿಯ ಮನಿಷಾ ಅಕ್ಕನಿಗೆ,

ನಿನ್ನ ತಂಗಿ ಸ್ನೇಹಲಳ ಜಯ ಜಿನೇಂದ್ರ. ನಿಪ್ಪಾಣಿಯಿಂದ ನೀನು ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ, ಸಿಟ್ಟಾಗಬೇಡ. ಈ ಮನೆಯಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಕೇಳುತ್ತದೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ. ಕೈ ಇನ್ನೂ ನಡುಗುತ್ತದೆ. ಅದು ನಿಲ್ಲುವ ತನಕ ಕುಣಾಲನನ್ನು ನನ್ನ ಕೈಗೆ ಕೊಡುವುದಿಲ್ಲವಂತೆ. ಹೆತ್ತ ಮಗ ಅಜ್ಜಿಯ ಸೊಂಟದ ಮೇಲೆ ಕೂತು ನನ್ನ ಮುಂದೆಯೇ ಹಾದುಹೋಗುತ್ತಾನೆ.

ಹೋದ ತಿಂಗಳ ಪರ್ವದಲ್ಲಿ ನಾನು ಹತ್ತು ದಿನದ ಉಪವಾಸ ಹಿಡಿದದ್ದು ಭಕ್ತಿಯಿಂದ ಎಂದು ನೀನೂ ನಂಬಿದ್ದೀ. ಅಲ್ಲ. ಕುಣಾಲ ಹುಟ್ಟಿದ ಮೇಲೆ ನಿದ್ದೆ ಹಾರಿಹೋಗಿತ್ತಲ್ಲ, ಆಗ ಡಾಕ್ಟರು ಕೆಲವು ದಿನಕ್ಕೆಂದು ನಿದ್ದೆಗುಳಿಗೆ ಬರೆದುಕೊಟ್ಟಿದ್ದರು. ಅದೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತರುತ್ತಾ ಹೋದೆ. ಆಮೇಲೆ ಚೀಟಿಯನ್ನೂ ಯಾರೂ ಕೇಳಲಿಲ್ಲ. ಒಂದಿದ್ದದ್ದು ಮೂರಾಯಿತು, ಹಗಲಿಗೂ ಬೇಕಾಯಿತು. ಬಿಡಬೇಕೆಂದು ಒಂದು ದಿನ ತಪ್ಪಿಸಿದರೆ ಬೆವರು, ನಡುಕ, "ಯಾಕ, ಏನಾಗೇತಿ?" ಎಂದು ಅತ್ತೆಯ ಪ್ರಶ್ನೆ. ಉಪವಾಸದಲ್ಲಾದರೆ ಕುದಿಸಿ ಆರಿಸಿದ ನೀರು ಬಿಟ್ಟು ಔಷಧವನ್ನೂ ಮುಟ್ಟುವಂತಿಲ್ಲ. ನಡುಗಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಎಂಥ ಜಾಣೆ ನೋಡು ನಿನ್ನ ತಂಗಿ!

ಯಾರೂ ಕೇಳಲಿಲ್ಲ, ಬದಲಿಗೆ ತಪಸ್ವಿನಿಯೆಂದು ನನ್ನ ಕಾಲಿಗೆ ಬಿದ್ದರು. ಬೆವರಿ ಸೀರೆ ತೊಯ್ದರೆ ಅತ್ತೆ ಓಣಿಯ ಹೆಂಗಸರನ್ನು ಕರೆದು, "ನೋಡ್ರಿ, ನಮ್ಮ ಸೊಸಿ ಮಾರಿ ಮ್ಯಾಲ ಎಂಥಾ ತೇಜ ಬಂದೈತಿ" ಎನ್ನುತ್ತಿದ್ದರು. ನನ್ನ ಕಣ್ಣಿಗೆ ನೆಲದ ತುಂಬ ಇಲ್ಲದ ಇರುವೆ ಹರಿಯುತ್ತಿದ್ದವು. ಕಾಲಿಡಲು ಹೆದರಿ ನಿಂತರೆ ಅದನ್ನೂ ಜೀವದಯೆ ಎಂದರು. ತಡೆಯಲಾರದೆ ಒಮ್ಮೆ ಅತ್ತೆಯ ಮುಂದೆ, "ನನಗ ಆಗೂದಿಲ್ರಿ, ಒಂದ ಗುಳಿಗಿ ತಗೋತೀನಿ" ಎಂದು ಅತ್ತುಬಿಟ್ಟೆ. ತಲೆನೋವಿನದೆಂದು ತಿಳಿದು ತಲೆ ಸವರಿದರು.

"ಇನ್ನ ಸ್ವಲ್ಪ ತಡಕೋ ನನ್ನ ಬಂಗಾರ. ವ್ರತ ಮುರದರ ಮಂದಿ ಏನಂದಾರು?"

ಅವರ ತಪ್ಪೇನಿದೆ ಅಕ್ಕಾ, ಯಾವ ಗುಳಿಗೆಯೆಂದು ನಾನು ಹೇಳಲೇ ಇಲ್ಲ.

ಮರುದಿನ ಬಸದಿಯಲ್ಲಿ ಅಭಿಷೇಕದ ಗಂಧೋದಕ ತೆಗೆದುಕೊಳ್ಳುವಾಗ ಫಿಟ್ಸ್ ಬಂದು ಬಿದ್ದೆನಂತೆ. ಎಚ್ಚರವಾದದ್ದು ಮಿರಜದ ದವಾಖಾನೆಯಲ್ಲಿ, ನಾಲಗೆ ಕಚ್ಚಿಕೊಂಡು ಗಾಯವಾಗಿತ್ತು. ಡಾಕ್ಟರಿಗೆ ಎಲ್ಲ ಹೇಳಿದೆ. ಈ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಜೀವವೇ ಹೋಗುತ್ತದೆ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು ಎಂದು ಮರಾಠಿಯಲ್ಲಿ ಬೈದರು.

ಈಗ ಅತ್ತೆಯೇ ಗುಳಿಗೆ ಮುರಿದು, ಹೊತ್ತು ಮುಳುಗುವ ಮುಂಚೆ ಕೊಡುತ್ತಾರೆ. ಕೊಡುವಾಗ ನನ್ನ ಮುಖ ನೋಡುವುದಿಲ್ಲ. ಓಣಿಗೆ ಮಾತ್ರ ಉಪವಾಸದ ಆಯಾಸವೆಂದು ಹೇಳಿದ್ದಾರೆ. ಬರುವ ರವಿವಾರ ಬಸದಿಯಲ್ಲಿ ಉಪವಾಸ ಮಾಡಿದವರಿಗೆ ಸನ್ಮಾನ, ನನ್ನ ಫೋಟೋದ ಫ್ಲೆಕ್ಸೂ ಕಟ್ಟಿದ್ದಾರೆ. "ಸುಮ್ಮ ಶಾಲು ಹೊದಿಸ್ಕೊಂಡು ಬಾ, ಏನ ಹೋಗತೈತಿ" ಎನ್ನುತ್ತಾರೆ ನಮ್ಮ ಯಜಮಾನರು. ನಾನು ಹೋಗುವುದಿಲ್ಲ. ನನಗೆ ನಾಚಿಕೆಯಾಗುತ್ತದೆ.

ಅವ್ವನಿಗೆ ಏನೂ ಹೇಳಬೇಡ. ಮಾಮಾರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಆಶೀರ್ವಾದ ಪಡೆಯಲು ಬಂದವರನ್ನೆಲ್ಲ ಹರಸಿ ಹರಸಿ ಸಾಕಾಗಿದೆ. ಈಗ ನೀನು ನನ್ನನ್ನು ಹರಸು.

ನಿನ್ನ
ಸ್ನೇಹಲ

ತಾ.ಕ.: ಕುಣಾಲನ ಕೈಗೆ ಪ್ಲಾಸ್ಟರ್ ಯಾಕೆಂದು ಕೇಳಿದ್ದೆಯಂತೆ. ಮಂಚದಿಂದ ಬಿದ್ದ ಎಂದು ಇವರು ಹೇಳಿದ್ದು ಸುಳ್ಳು. ಬಸದಿಯಲ್ಲಿ ನಾನು ಬಿದ್ದಾಗ ಅವನು ನನ್ನ ಸೊಂಟದ ಮೇಲಿದ್ದ, ನನ್ನ ಮೈ ಕೆಳಗೆ ಸಿಕ್ಕ. ಅವನನ್ನು ನನ್ನ ಕೈಗೆ ಕೊಡುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಿನ್ನೆ ಅತ್ತೆ ತಾವಾಗಿಯೇ, "ತಗೋವಾ, ನಿನ್ನ ಮಗಾ" ಎಂದು ತಂದರು. ನಾನು ಕೈ ಚಾಚಿದೆ. ಅವನು ಕಿರುಚಿ, ಪ್ಲಾಸ್ಟರಿನ ಕೈಯಿಂದಲೇ ಅಜ್ಜಿಯ ಕುತ್ತಿಗೆ ತಬ್ಬಿಕೊಂಡ.