ಪಡಸಾಲೆಯ ದವಾಖಾನೆ

ಜನವರಿ 20, ಸೋಮವಾರ. ಬೆಳಿಗ್ಗೆ 10

ಮೊಮ್ಮಗಳು ಇವತ್ತೂ 'ಈ' ಅಕ್ಷರ ದಾಟಲಿಲ್ಲ. ಪಾಟಿ, ಬಳಪ ಕೊಟ್ಟು ಕೂರಿಸಿದರೆ ಕಾಲು ತುರಿಕೆ, ನೀರಡಿಕೆ, ಹೊರಗೆ ಬೆಕ್ಕು. ಕೈಬಿಟ್ಟರೆ ಸಾಕು, ಓಟ — ದವಾಖಾನೆಗೆ.

ದವಾಖಾನೆ ಅಂದರೆ ನಮ್ಮ ಪಡಸಾಲೆ. ನಟ್ಟನಡುವೆ ಮಿಕ್ಸರ್ ಬಂದ ರಟ್ಟಿನ ಡಬ್ಬಿ. ಅದರಲ್ಲಿ ಬಟ್ಟೆಯ ಗೊಂಬೆ, ಗೊಂಬೆಯ ಮೇಲೆ ನನ್ನ ಮಫ್ಲರ್. ನಾನು ವಾಚ್‌ಮನ್. ನನ್ನ ಮನೆಯಲ್ಲೇ ಪೇಪರ್ ತರಲು ಆ ಕಡೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ಕೈ ತೊಳೆಯಬೇಕು, ಮೆಲ್ಲಗೆ ಮಾತಾಡಬೇಕು. ಇಡೀ ಸರ್ವೀಸು ಹೈಸ್ಕೂಲ್ ಹುಡುಗರನ್ನು ಗದರಿಸಿದವನಿಗೆ ಈ ಗತಿ.

ತಪ್ಪು ಹೆಂಡತಿ ನಿಂಗವ್ವಳದೂ ಅಲ್ಲ, ಮಗಳು ಸಪ್ನಾಳದೂ ಅಲ್ಲ. ಮಗಳು ಬಾಣಂತನಕ್ಕೆಂದು ಖಾನಾಪುರಕ್ಕೆ ಬಂದಳು. ದಿನ ತುಂಬುವ ಮೊದಲೇ, ಹೋದ ವಾರ, ಬೆಳಗಾವಿಗೆ ಒಯ್ಯಬೇಕಾಯಿತು. ಗಂಡು ಕೂಸು. ಅಂಗೈಯಷ್ಟು ಐತಿ ಅಂತಾನೆ ಅಳಿಯ ಓಂಕಾರ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಿಂಗವ್ವ ಮಗಳ ಜೊತೆ ಅಲ್ಲಿ. ಇಲ್ಲಿ ನಾನು, ನಾಲ್ಕು ವರ್ಷದ ಮೊಮ್ಮಗಳು ಸಾಕ್ಷಿ.

ಅವಳಿಗೆ ಏನೂ ಹೇಳಿಲ್ಲ. ಮಮ್ಮಿ ಶಹಾಪುರದ ನಿಮ್ಮ ಮನೆಗೆ ಹೋಗಿದ್ದಾಳೆ, ಆಫೀಸಿನ ಕೆಲಸ — ಇಷ್ಟೇ. ಸಣ್ಣ ಹುಡುಗಿಗೆ ಯಾಕೆ ಬೇಕು ಇದೆಲ್ಲ.

ಜನವರಿ 21. ಸಂಜೆ

ತಲೆ ಕೆಟ್ಟಿತು. ಅಕ್ಷರಕ್ಕೆ ಒಂದು ಚಣ ಕೂರದವಳು... ಬರೆಯುತ್ತೇನೆ.

ವಾಚ್‌ಮನ್ ಕೆಲಸ ನಾ ಒಲ್ಲೆ, ಮಂಡಿ ನೋಯುತ್ತೆ ಅಂದೆ. ಸರಿ, ತಾನೇ ನಿಂತಳು. ಬಾಗಿಲ ಪಕ್ಕ, ನನ್ನ ಕೊಡೆ ಹಿಡಿದು, ಎದೆ ಸೆಟೆದು. ಬೆಕ್ಕು ಬಂತು, ನೋಡಲಿಲ್ಲ. ಬಾಜೂ ಮನೆಯ ಸುಹಾಸಿನಿ ಬಾಯಿ ಜೋಳದ ಭಾಕ್ರಿ ತಂದರು, ತಟ್ಟೆಯಲ್ಲಿ ಬೆಲ್ಲ ಕಂಡರೂ ಅಲುಗಲಿಲ್ಲ. ಕೈ ತೊಳ್ಕೊಂಡ ಬರ್ರಿ ಅಂತ ಅವರಿಗೇ ಹುಕುಂ. ಅವರು ತೊಳೆದುಕೊಂಡೇ ಬಂದರು! ನನ್ನ ಅಡಿಗೆ, ನನ್ನ ಚಹಾ, ಎರಡೂ ಮುಗಿದವು. ಇನ್ನೂ ನಿಂತೇ ಇದ್ದಾಳೆ.

ಸುಹಾಸಿನಿ ಬಾಯಿ ನಕ್ಕು, ಆಡಲಿ ಬಿಡಿ ಸರ್, ಆಟದಲ್ಲೇ ಬುದ್ಧಿ ಬರುತ್ತದೆ ಅಂದರು. ಬುದ್ಧಿ ಬರುವುದಾದರೆ ಪಾಟಿಯ ಮುಂದೆ ಯಾಕೆ ಬರುವುದಿಲ್ಲ? ಕೇಳಿದೆ. ಇನ್ನೊಂದು ಭಾಕ್ರಿ ನನ್ನ ತಟ್ಟೆಗೆ ಹಾಕಿದರು. ಭಾಕ್ರಿ ಚೆನ್ನಾಗಿತ್ತು.

ಜನವರಿ 23. ಮಧ್ಯಾಹ್ನ

ಓಂಕಾರನ ಫೋನು. ಕೂಸಿಗೆ ಸೋಂಕು. ಉಸಿರಿಗೆ ತ್ರಾಸು, ಮೂಗಿನಲ್ಲಿ ನಳಿಗೆ ಹಾಕಿದ್ದಾರೆ. ಎರಡು ದಿನ ಏನೂ ಹೇಳಾಕ ಬರಂಗಿಲ್ಲ ಮಾಮಾ ಅಂದ. ನಾನು ಗಟ್ಟಿಯಾಗಿ ಧೈರ್ಯ ಹೇಳಿದೆ. ಹೇಳಿದ್ದು ಏನೋ ಗೊತ್ತಿಲ್ಲ.

ಫೋನಿಟ್ಟು ಪಡಸಾಲೆಗೆ ಬಂದರೆ — ಸಾಕ್ಷಿ ಗೊಂಬೆಯ ಮೂಗಿಗೆ ಕೆಂಪು ಉಲ್ಲನ್ ದಾರ ಅಂಟಿಸುತ್ತಿದ್ದಾಳೆ. ದಾರದ ಇನ್ನೊಂದು ತುದಿ ನನ್ನ ತಂಬಿಗೆಯಲ್ಲಿ.

ಮೈಯೆಲ್ಲ ಉರಿದುಹೋಯಿತು. ಎಲ್ಲಿ ಕಲಿತಿ ಇದನ್ನ ಅಂತ ಕೂಗಿದೆ. ಅವಳು ಬೆದರಿ ನನ್ನ ಮೊಬೈಲ್ ಕಡೆ ಕೈ ತೋರಿಸಿದಳು. ಕಿವಿ ಮಂದ ಅಂತ ನಾನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

ತಿಳಿಯಬೇಕಿತ್ತು. ತಿಳಿಯಲಿಲ್ಲ. ಸಿಟ್ಟೇ ಮೇಲಾಯಿತು. ಗೊಂಬೆ ಕಸಿದು ಕಪಾಟಿಗೆ. ಡಬ್ಬಿ ಹರಿದು ಬಚ್ಚಲ ಒಲೆಗೆ. ಸುಡುವ ವಾಸನೆ ಇನ್ನೂ ಇದೆ.

ಅಳಲಿಲ್ಲ ಅವಳು. ಒಲೆಯ ಮುಂದೆ ನಿಂತು ನೋಡಿದಳು.

ಜನವರಿ 24. ಸಂಜೆ

ಊಟ ಮಾಡಿಲ್ಲ. ಬೆಳಿಗ್ಗೆ ಅರ್ಧ ಲೋಟ ಹಾಲು, ಅದೂ ಕಕ್ಕಿದಳು. ಜ್ವರ ಇಲ್ಲ.

ಮಾತು ಪೂರ್ತಿ ಬಂದ್. ಮಧ್ಯಾಹ್ನ ತಾನೇ ಪಾಟಿ ತಂದು ಎದುರು ಕೂತಳು. ಅ ಆ ಇ ಈ ಉ ಊ... ಸಾಲಾಗಿ, ಗುಂಡಗೆ. ಅಳಿಸಿ ಮತ್ತೆ. ನಾನು ಸಾಕು ಅಂದರೂ ಬಿಡಲಿಲ್ಲ. ಕಣ್ಣು ಎತ್ತಲಿಲ್ಲ.

ನಾನು ಬೇಡಿಕೊಂಡಿದ್ದು ಇದನ್ನೇ. ನೋಡಲು ಆಗುತ್ತಿಲ್ಲ.

ಜನವರಿ 25. ಬೆಳಿಗ್ಗೆ 11.30

ಬಸ್ ಸ್ಟ್ಯಾಂಡ್ ಹತ್ತಿರದ ಬಾಳಾಸಾಹೇಬರ ಅಂಗಡಿ. ಡಬ್ಬಿ ಬೇಕು ಅಂದೆ. ಎಷ್ಟು ದೊಡ್ಡದು? ಕೂಸು ಮಲಗುವಷ್ಟು ಅಂದೆ. ಅವರು ನನ್ನ ಮುಖ ನೋಡಿದರು. ಗೊಂಬೆಯ ಕೂಸು ಅಂದೆ. ಆಮೇಲೆ ಹೊಳೆಯಿತು — ಹೊರಗಿನಿಂದ ಕಾಣಬೇಕು. ರಟ್ಟಿನದು ಆಗುವುದಿಲ್ಲ. ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳೂ ವ್ಯಾಪಾರ ಬಿಟ್ಟು ಡಬ್ಬಿ ಹುಡುಕಲು ನಿಂತರು, ಮರಾಠಿಯಲ್ಲೊಬ್ಬರು, ಕನ್ನಡದಲ್ಲೊಬ್ಬರು ಸಲಹೆ ಕೊಡುತ್ತ. ತಾಪತ್ರಯ. ಕೊನೆಗೆ ಸಿಕ್ಕಿದ್ದು ಗಾಜಿನಂತೆ ಒಳಗೆಲ್ಲ ಕಾಣುವ, ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಬಿಸ್ಕೀಟು ಇಡುವಂಥದ್ದು. ಅದನ್ನು ಎದೆಗೆ ಅವಚಿಕೊಂಡು ಪೇಟೆಯೆಲ್ಲ ನಡೆದು ಬಂದೆ. ಹಳೆಯ ವಿದ್ಯಾರ್ಥಿಯೊಬ್ಬ ಸ್ಕೂಟರ್ ನಿಲ್ಲಿಸಿ ಸರ್ ಏನ್ರಿ ಇದು ಅಂದ. ದವಾಖಾನಿ ಅಂದೆ. ಮುಂದೆ ಕೇಳಲಿಲ್ಲ.

ಅದೇ ದಿನ. ಸಂಜೆ

ಇದನ್ನು ಇದ್ದಂತೆಯೇ ಬರೆದಿಡಬೇಕು.

ಡಬ್ಬಿ, ಗೊಂಬೆ, ದಾರ — ಮೂರನ್ನೂ ಅವಳ ಮುಂದಿಟ್ಟೆ. ತಪ್ಪಾತವ್ವಾ ಅಂದೆ. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಮುಚ್ಚಳ ತಿರುವಿ ನೋಡಿ, ಇದಕ್ಕೆ ತೂತಿಲ್ಲ, ಪಾಪು ಉಸಿರು ಹೆಂಗ ತಗೋತೈತಿ ಅಂದಳು. ಮೊದಲ ಮಾತು. ಮೊಳೆ ಕಾಯಿಸಿ ತೂತು ಹಾಕಿದೆ. ಬೆರಳು ಸುಟ್ಟಿತು.

ನನಗೆ ಬಡ್ತಿ. ಡಾಕ್ಟರ್. ಅವಳು ಸಿಸ್ಟರ್, ತಲೆಗೆ ನನ್ನ ಕರ್ಚೀಫು. ಕೂಸಿನ ಹೊಟ್ಟೆ ನೋಡಲು ಹೇಳಿದಳು, ನೋಡಿದೆ. ಎದೆ ನೋಡಲು ಹೇಳಿದಳು, ನೋಡಿದೆ. ಆಮೇಲೆ ಹತ್ತಿರ ಬಂದು, ಬೇರೆಯೇ ದನಿಯಲ್ಲಿ, ದೊಡ್ಡವರಂತೆ:

"ಡಾಕ್ಟರ್ರ, ಈ ಪಾಪು ಯಾಕ ಲಗೂನ ಬಂತ್ರಿ?"

ಗೊತ್ತಿಲ್ಲ ಸಿಸ್ಟರ್, ಒಮ್ಮೊಮ್ಮೆ ಹೀಗೆ ಬೇಗ ಬರುತ್ತವೆ ಅಂದೆ.

"ಇದಕ್ಕ ಒಬ್ಬಾಕಿ ಅಕ್ಕ ಅದಾಳ. ಆಕಿ ಮಮ್ಮಿ ಹೊಟ್ಟಿ ಮ್ಯಾಲ ಜಿಗದಿದ್ದಳು. ಅದಕ್ಕ ಬಂತೇನ್ರಿ?"

ಇಷ್ಟು ದಿನ. ಇಷ್ಟು ದಿನ ಈ ಸಣ್ಣ ಹೊಟ್ಟೆಯೊಳಗೆ ಇದನ್ನಿಟ್ಟುಕೊಂಡು ನಾನು ಹೇಳಿದ ಶಹಾಪುರದ ಸುಳ್ಳು ಕೇಳುತ್ತಿದ್ದಳು. ಅಜ್ಜನನ್ನು ಕೇಳಲು ಧೈರ್ಯ ಇರಲಿಲ್ಲ. ಡಾಕ್ಟರನ್ನು ಕೇಳಿದಳು.

ಅವಳನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಎತ್ತಿಕೊಂಡಿದ್ದರೆ ನಾನು ಅಜ್ಜ ಆಗಿಬಿಡುತ್ತಿದ್ದೆ. ಚಷ್ಮಾ ಸರಿ ಮಾಡಿಕೊಂಡೆ.

"ಅಲ್ಲ ಸಿಸ್ಟರ್. ನಾ ತಪಾಸ ಮಾಡೀನಿ. ಅಕ್ಕ ಜಿಗದದ್ದಕ್ಕ ಬಂದಿಲ್ಲ. ಅಕ್ಕಂದೇನೂ ತಪ್ಪಿಲ್ಲ."

"ಖರೇನ?"

"ಖರೇನ."

"ಹಂಗಾರ ಚೀಟಿ ಬರದು ಕೊಡ್ರಿ."

ಹಳೆಯ ಕ್ಯಾಲೆಂಡರಿನ ಹಿಂದೆ ಬರೆದೆ — ಅಕ್ಕನ ತಪ್ಪಿಲ್ಲ. ಸಹಿ ಹಾಕಿದೆ. ಅವಳು ಮಡಚಿ ಗೊಂಬೆಯ ಕೆಳಗಿಟ್ಟಳು. ಆಮೇಲೆ ಹಸಿವಾಗಿದೆ ಅಂದಳು. ಎರಡು ಭಾಕ್ರಿ, ಮೊಸರು.

ಎಲ್ಲ ಹೇಳಿದೆ. ಮಮ್ಮಿ ಎಲ್ಲಿ, ತಮ್ಮ ಎಲ್ಲಿ, ಹೇಗಿದ್ದಾನೆ. ಗೊತ್ತು ಅಂದಳು.

ಜನವರಿ 27, ಸೋಮವಾರ

ಬಸ್ಸಿನಲ್ಲಿ ಬೆಳಗಾವಿಗೆ ಕರೆದೊಯ್ದೆ. ನಿಂಗವ್ವ ಆಸ್ಪತ್ರೆಯ ಬಾಗಿಲಲ್ಲೇ ಹರಿಹಾಯ್ದಳು — ನಿಮಗ ತಲಿ ಐತೇನ್ರಿ, ಸಣ್ಣ ಹುಡುಗೀನ ಇಂಥಾ ಜಾಗಾಕ್ಕ ತರತಾರೇನು. ಇವಳಿಗೆ ಹೇಗೆ ವಿವರಿಸಲಿ, ನನ್ನನ್ನು ಡಾಕ್ಟರ್ ಮಾಡಿದ್ದಾರೆ ಅಂತ.

ಒಳಗೆ ಮಕ್ಕಳನ್ನು ಬಿಡುವುದಿಲ್ಲ. ನರ್ಸ್ ಒಳ್ಳೆಯವಳು, ಕಾರಿಡಾರಿನ ಗಾಜಿನ ಹತ್ತಿರ ಪರದೆ ಸರಿಸಿದಳು. ಸಪ್ನಾ ಗೋಡೆ ಹಿಡಿದು ಬಂದಳು, ಮಗಳನ್ನು ನೋಡಿದ್ದೇ ಅತ್ತಳು. ಸಾಕ್ಷಿ ಅವಳ ಸೀರೆ ಹಿಡಿದು ನಿಂತಳು. ಹೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಸಪ್ನಾಳೇ ಅವಳ ಕೈ ಎಳೆದು ಇಟ್ಟುಕೊಂಡಳು.

ಆಮೇಲೆ ಗಾಜಿಗೆ ಮೂಗು ಹಚ್ಚಿ ತಮ್ಮನನ್ನು ನೋಡಿದಳು. ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಅಜ್ಜಿಗೆ ಹೇಳುತ್ತಿದ್ದಾಳೆ: ಅದು ಉಸಿರಿನ ನಳಿಗಿ, ಮುಟ್ಟಬಾರದು, ಅದು ಬಿಸಿ ಆಗಲಿ ಅಂತ ಲೈಟು. ನಿಂಗವ್ವ ಬಾಯಿ ತೆರೆದು ನನ್ನ ಕಡೆ ನೋಡಿದಳು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟಿದ್ದೆ. ಗಾಜಿನ ಹತ್ತಿರ ಹೋಗದೆ ಉಳಿದವನು ನಾನೊಬ್ಬನೇ.

ಫೆಬ್ರವರಿ 11

ಎರಡು ವಾರ ಬರೆದಿಲ್ಲ. ಒಂದು ದಿನ ಕೂಸು ಕೈಬಿಟ್ಟು ಹೋಯಿತು ಅಂದುಕೊಂಡೆವು. ಅದರ ಬಗ್ಗೆ ಬರೆಯುವುದಿಲ್ಲ. ನಿನ್ನೆ ನಳಿಗೆ ತೆಗೆದರು. ತಾನೇ ಉಸಿರಾಡುತ್ತಿದೆ.

ಇಲ್ಲಿ ದಿನಾ ಮೂರು ಹೊತ್ತು ಓಪಿಡಿ. ಬೇಜಾರು ಬಂದಿದೆ. ಬೆಕ್ಕಿಗೂ ಚೀಟಿ ಬರೆಯಬೇಕು. ಒಂದು ವಿಚಿತ್ರ: ಚೀಟಿಯಲ್ಲಿ ಔಷಧದ ಹೆಸರು ತಾನೇ ಬರೆಯುತ್ತೇನೆ ಅಂತ ಹಟ. 'ಔ' ಬಂತು. ಪಾಟಿ ಮಾತ್ರ ಆವತ್ತಿನಿಂದ ಮುಟ್ಟಿಲ್ಲ.

ಮಾರ್ಚ್ 2, ಭಾನುವಾರ. ಮಧ್ಯಾಹ್ನ

ಬಂದರು. ಎಲ್ಲರೂ. ಮನೆ ತುಂಬ ಧೂಪದ ಹೊಗೆ, ಬಿಸಿನೀರು, ನಿಂಗವ್ವಳ ಗದ್ದಲ. ನನ್ನ ಕುರ್ಚಿಯ ಮೇಲೆ ಕೂಸಿನ ಬಟ್ಟೆ. ಪೇಪರ್ ಎಲ್ಲಿದೆ ದೇವರಿಗೇ ಗೊತ್ತು. ಓಂಕಾರ ಬಾಗಿಲಲ್ಲಿ ನನ್ನ ಕೈ ಹಿಡಿದು ಏನೋ ಹೇಳಹೋಗಿ ಅತ್ತ. ಸಪ್ನಾ ಅತ್ತಳು. ನಿಂಗವ್ವ ಬೈಯುತ್ತಲೇ ಅತ್ತಳು. ನಾನು ಬ್ಯಾಗುಗಳನ್ನು ಒಳಗಿಟ್ಟೆ. ಯಾರಾದರೂ ಇಡಬೇಕಲ್ಲ.

ಈಗ ಎಲ್ಲ ಮಲಗಿದ್ದಾರೆ. ನಾಲ್ಕು ಸಾಲು ಬರೆಯೋಣ ಅಂತ ಅಡಿಗೆಮನೆಗೆ ಬಂದೆ. ಬಂದಳು ಸಾಕ್ಷಿ ಹಿಂದೆಯೇ. ಸಪ್ನಾಳ ಓಢಣಿ ಸುತ್ತಿಕೊಂಡು. ದವಾಖಾನೆ ಮುಗೀತಂತೆ, ಇವತ್ತು ಬೇರೆ. ಅವಳು ಮಮ್ಮಿ, ನಾನು ಪಾಪು. ಈ ವಯಸ್ಸಿಗೆ. ಒಲ್ಲೆ ಅಂದೆ. ಮಂಡಿ ಅಂದೆ. ಕೇಳಲಿಲ್ಲ. ಚಾಪೆ ಹಾಸಿದಳು, ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು, ಇಷ್ಟಗಲ ತೊಡೆ. ಬರೆಯುವುದು ಬಿಡು ಅಂತಾಳೆ, ಪಾಪುಗಳು ಬರೆಯುವುದಿಲ್ಲವಂತೆ. ಇದೊಂದೇ ಸಾಲು ಅಂದೆ.

"ಅಳು ಈಗ," ಅಂದಳು.

ಅಳಾಕ ಬರಂಗಿಲ್ಲವ್ವಾ ನನಗ ಅಂದೆ.

"ಸುಳ್ಳಸುಳ್ಳ ಅಳು ಅಜ್ಜಾ. ನಾ ಅದೀನಲ್ಲ."

ಅತ್ತೆ. ಊಂ ಊಂ ಅಂತ, ಅವಳಿಗೆ ಸಮಾಧಾನ ಆಗಲಿ ಅಂತ. ಮೊದಲು ಸುಳ್ಳೇ ಇತ್ತು. ಅವಳು ತಲೆ ತಟ್ಟತೊಡಗಿದಳು. ಆಮೇಲೆ—