ಟೀವೀಲಿ ನೆಲ ತೋಡೋ ಆಟ

ಲೇ ಚೆಂಗಲರಾಯ,

ಬೂದಿಕೋಟೆಗೆ ನಿನ್ನ ಚಿಕ್ಕಮ್ಮನ ಮನೆಗೆ ಓಯ್ತಿದ್ದೀನಿ, ನಾಳೆ ಬತ್ತೀನಿ. ಸಾರು ಒಲೆ ಮೇಲೈತೆ, ಬಿಸಿ ಮಾಡ್ಕೋ.

ಟೀವಿ ಬೇಕಂತ್ಲೇ ಆರಿಸದೆ ಬಿಟ್ಟಿದ್ದೀನಿ. ಬಂಗಾರಪೇಟೆ ಅಂಗಡೀಲಿ ಕಾಸಾಕಿ ಆಡ್ತಿದ್ದ ನೆಲ ತೋಡೋ ಆಟಾನ ಕ್ಯಾಸೆಟ್‌ನಲ್ಲಿ ಮನೆಗೇ ತಂದ್ಯಲ್ಲ, ಅದ್ರಲ್ಲಿ ನಿನ್ನ ಮೀರಿಸಿದ್ದೀನಿ. ನನ್ನ ಪಾಯಿಂಟು ಕಣ್ಬಿಟ್ಟು ನೋಡಿ ಆಮೇಲೆ ಆರಿಸು. ಪಂದ್ಯ ಕಟ್ಟಿದಂಗೆ ಈ ವಾರ ಪಾತ್ರೆ ಉಜ್ಜೋದು ನೀನೇ.

ಗಣೀಲಿ ಬಂಡೆ ಬೀಳ್ದಂಗೆ ಮರ ಆನಿಸಿ ಆನಿಸಿ, ಆಟದಲ್ಲೂ ಬಂಡೆ ಕಂಡ್ರೆ ಸುತ್ತಾಕ್ಕೊಂಡು ಓಯ್ತೀಯಲ್ಲೋ ಪುಕ್ಲ! ಅದ್ರ ಕೆಳಗೇ ತೋಡಿ ಓಡ್ಬಂದ್ರೆ ತಾನೆ ಅಟ್ಟಿಸ್ಕೊಂಡು ಬರೋ ಭೂತದ ತಲೆ ಮೇಲೆ ಬಂಡೆ ಬೀಳೋದು?

ಗಣೀಲಿ ಮಾತ್ರ ಇಂಗೇ ಪುಕ್ಲನಾಗಿರು ಕಣ್ಲಾ. ದಿನಾ ನೆಟ್ಟಗೆ ಮನೆ ಸೇರ್ಕೋ, ಜೀವಮಾನ ಪೂರ್ತಿ ಪಾತ್ರೆ ನಾನೇ ಉಜ್ತೀನಿ.

ಈ ವಾರ ಮಾತ್ರ ನೀನು. ತಳಾನೂ ಉಜ್ಜು.

ಅಮ್ಮ