ಉಯ್ಯಾಲೆ ಕೆಳಗಿನ ರಬ್ಬರ್ ಚೂರು

ಮನೆಯಿಂದ,
ಜೂನ್ 14, ಭಾನುವಾರ

ಚೂಟಿಯ ಅಪ್ಪನಿಗೆ,

ಹೇಗಿದ್ದೀರಿ? ಕೇಳಲೇಬೇಕಲ್ಲ, ಕೇಳಿದ್ದೀನಿ. ಬೆನ್ನುನೋವು ಕಡಿಮೆ ಆಯ್ತಾ? ಗುಂಡು ಹೊಡೆಯೋ ರೇಂಜ್ ಸರಿಮಾಡೋಕೆ ಅಂತ ಕರೆಸಿಕೊಂಡ ಶೂಟಿಂಗ್ ಕ್ಲಬ್ಬಿನವರು ಕೊಟ್ಟ ರೂಮಿನ ಮಂಚ ಸರಿಯಿಲ್ಲ ಅಂದಿದ್ರಿ, ಬದಲಾಯಿಸಿಕೊಟ್ರಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮಗಳ ರಕ್ತದ ರಿಪೋರ್ಟ್ ಬಂತು ಅಂತ ಹೇಳಿದ ದಿನ "ಡಾಕ್ಟರ್‌ಗಳಿಗೆ ಹೆದರಿಸೋದೇ ಕೆಲಸ" ಅಂದು ಫೋನ್ ಇಟ್ಟವರು, ಆಮೇಲೆ ಎತ್ತಿದ್ದೇ ಇಲ್ಲ. ಅದಕ್ಕೇ ಪತ್ರ. ಪತ್ರಕ್ಕೆ ನಡುವೆ ಬಾಯಿ ಹಾಕೋಕೆ ಬರಲ್ಲ ನೋಡಿ. ನಮ್ಮಣ್ಣನ ಕೈಯಲ್ಲಿ ಕಳಿಸ್ತಿದ್ದೀನಿ. ನೀವು ಓದಿ ಮುಗಿಸೋವರೆಗೂ ಎದುರಿಗೇ ಕೂತಿರು, ಎಷ್ಟು ಉಪಚಾರ ಮಾಡಿದರೂ ಏಳಬೇಡ ಅಂತ ಹೇಳಿದ್ದೀನಿ.

ನಾನು ಚೆನ್ನಾಗಿದ್ದೀನಿ. ಹಿತ್ತಲ ಬಾಗಿಲ ಕೀಲು ಹಾಗೇ ಕಿರುಗುಟ್ಟುತ್ತೆ. ಚೆನ್ನಾಗಿಲ್ಲದವಳು ನಿಮ್ಮ ಮಗಳು. ನೀವು ಹೊರಡೋ ಹೊತ್ತಿಗೇ ಹೊಟ್ಟೆನೋವು ಅಂತಿದ್ದಳಲ್ಲ, ಸ್ಕೂಲ್ ತಪ್ಪಿಸೋಕೆ ನಾಟಕ ಅಂತ ನೀವು ನಕ್ಕಿರಿ. ಆಮೇಲೆ ಊಟ ಬಿಟ್ಟಳು. ಮುಖ ಬಿಳಿಚಿಕೊಳ್ತು. ನಿಂತಲ್ಲಿ ನಿಲ್ಲದ ಹುಡುಗಿ ಅಂತ ತಾನೇ ಚೂಟಿ ಅಂತ ಕರೆದಿದ್ದು? ಈಗ ಚಾಪೆ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರ್ತಾಳೆ, ಮಾತಾಡಿಸಿದ್ರೆ ಸಿಡಿದು ಬೀಳ್ತಾಳೆ. ಕಣ್ಣು ಮುಚ್ಚಿಕೊಂಡು ಹೇಳ್ತಿದ್ದ ವಾರದ ಹೆಸರುಗಳಲ್ಲಿ ಬುಧವಾರ ಆದ್ಮೇಲೆ ಏನು ಅಂತ ನನ್ನ ಮುಖ ನೋಡ್ತಾಳೆ. ಆ ನೋಟ ನೀವು ನೋಡಿಲ್ಲ, ಪುಣ್ಯವಂತರು.

ಡಾಕ್ಟರಮ್ಮ ರಿಪೋರ್ಟ್ ನೋಡಿ, ಮಗುವಿನ ರಕ್ತದಲ್ಲಿ ಸೀಸ ಇದೆ, ತುಂಬಾನೇ ಇದೆ ಅಂದ್ರು. ಹಳೇ ಬಣ್ಣ ಉದುರುತ್ತಾ, ಬ್ಯಾಟರಿ ರಿಪೇರಿ ಮಾಡ್ತೀರಾ, ನಲ್ಲಿ ಪೈಪು ಯಾವ ಕಾಲದ್ದು ಅಂತ ಒಂದೊಂದೇ ಕೇಳಿದ್ರು. ಎಲ್ಲದಕ್ಕೂ ಇಲ್ಲ ಇಲ್ಲ ಅಂದೆ. ಕೊನೆಗೆ ಮನೆಯವರು ಏನು ಮಾಡ್ತಾರೆ ಅಂದ್ರು. ಲೇತ್ ಕೆಲಸ, ರಜೆ ದಿನ ಗುರಿ ಹೊಡೀತಾರೆ, ಕಪ್ ಎಲ್ಲ ಗೆದ್ದಿದ್ದಾರೆ ಅಂತ ದೊಡ್ಡ ಗಂಟಲಲ್ಲಿ ಹೇಳಿದೆ. ಹೊಡೆದ ಗುಂಡು ಎಲ್ಲಿಗೆ ಹೋಗುತ್ತೆ ಅಂದ್ರು. ಅಯ್ಯೋ, ಅದರ ಬಗ್ಗೆ ಕೇಳಬೇಕಾ! ಮನೆ ಹಿಂದೆ ಅವರೇ ಕಟ್ಟಿದ ಪೆಟ್ಟಿಗೆ ಇದೆ, ದಪ್ಪ ಹಲಗೆ, ಹಿಂದೆ ಕಬ್ಬಿಣದ ತಗಡು, ಒಳಗೆ ಹಳೇ ಟೈರಿನ ಚೂರು ತುಂಬಿದ್ದಾರೆ, ಒಂದು ಗುಂಡೂ ಆಚೆ ಹೋಗಲ್ಲ, ಜರಡಿ ಹಿಡಿದು ಸೀಸ ತೆಗೆದು ಕರಗಿಸಿ ಮತ್ತೆ ಗುಂಡು ಮಾಡ್ತಾರೆ ಅಂತ ಬಣ್ಣಿಸಿದೆ. ಡಾಕ್ಟರಮ್ಮ ಪೆನ್ ಕೆಳಗಿಟ್ಟರು. ಜರಡಿ ಹಿಡಿದು ಉಳಿದ ಚೂರನ್ನ ಏನು ಮಾಡ್ತಾರೆ ಅಂತ ಕೇಳಿದ್ರು. ಉತ್ತರ ಹೇಳೋಕೆ ಬಾಯಿ ತೆರೆದಾಗಲೇ ನನಗೆ ಹೊಳೆದದ್ದು ಕಣ್ರೀ.

ನಿಮಗೆ ನೆನಪಿದೆಯಲ್ಲ? ಟೈರಿನ ಚೂರು ಗುಂಡು ತಿಂದು ತಿಂದು ನುಣ್ಣಗಾದ್ಮೇಲೆ ಪೆಟ್ಟಿಗೆಗೆ ಹೊಸದು ತುಂಬಿದ್ರಿ. ಹಳೇದನ್ನ ಎಸೆಯೋ ಜಾಯಮಾನವೇ ನಿಮ್ಮದಲ್ಲ. ಸವೆದ ಬ್ರಷ್‌ನಲ್ಲಿ ಸೈಕಲ್ ಚೈನ್ ಉಜ್ಜೋರು ನೀವು. ಚೂಟಿ ಉಯ್ಯಾಲೆಯಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದಳು ಅಂತ, ಆ ಚೂರನ್ನೆಲ್ಲ ತಂದು ಉಯ್ಯಾಲೆ ಕೆಳಗೆ ಹಾಸಿಗೆ ಹಾಗೆ ಹರವಿದ್ರಿ. "ಗುಂಡನ್ನೇ ತಡೆದದ್ದು, ಮಗು ಬಿದ್ರೆ ತಡೆಯಲ್ವಾ?" ಅಂದ್ರಿ. ಎಲ್ಲರೂ ಎಂಥಾ ತಲೆ ಅಂತ ಹೊಗಳಿದ್ದೇ ಹೊಗಳಿದ್ದು. ಅವಳು ಅದರಲ್ಲೇ ಕೂತು ಅಡುಗೆ ಆಟ ಆಡಿದಳು. ತಟ್ಟೆಗೆ ಬಡಿಸಿ ನಿಮಗೂ ತಂದುಕೊಟ್ಟಳು, ನೀವು ತಿಂದ ಹಾಗೆ ಮಾಡಿದ್ರಿ. ಅವಳದ್ದು ಬರೀ ನಟನೆ ಆಗಿರಲಿಲ್ಲ, ಕೈ ಬಾಯಿಗೇ ಹೋಗ್ತಿತ್ತು. ಬೆರಳು ಬಾಯಲ್ಲಿಟ್ಟುಕೊಳ್ಳದೆ ಯಾವತ್ತಾದ್ರೂ ನಿದ್ದೆ ಮಾಡಿದ್ದಾಳಾ ನಿಮ್ಮ ಮಗಳು? ದಪ್ಪ ದಪ್ಪ ಸೀಸ ನಿಮ್ಮ ಜರಡಿಗೆ ಸಿಕ್ತು. ಕಣ್ಣಿಗೆ ಕಾಣದ ಪುಡಿ ಅಷ್ಟೂ ಅವಳಿಗೆ ಸಿಕ್ತು.

"ಇಷ್ಟು ವರ್ಷ ಸೀಸದ ನಡುವೆಯೇ ಇದ್ದೀನಿ, ನನಗೇನಾಗಿದೆ?" ಅಂದ್ರಲ್ಲ ಫೋನಿನಲ್ಲಿ. ಏನೂ ಆಗಿಲ್ಲ ಅಂತ ಯಾರು ಹೇಳಿದ್ದು? ನಿಮ್ಮ ರಕ್ತ ಯಾರು ನೋಡಿದ್ದಾರೆ? ಅವಳಿಗೆ ಐದು ವರ್ಷ. ಬೆಳೆಯೋ ಮಗುವಿನ ಮೈ ಸೀಸವನ್ನ ದೊಡ್ಡವರಿಗಿಂತ ಹೆಚ್ಚು ಹೀರಿಕೊಳ್ಳುತ್ತಂತೆ, ಮೂಳೆಯೊಳಗೆ ಸೇರಿಕೊಳ್ಳುತ್ತಂತೆ. ಔಷಧಿ ಶುರು ಮಾಡಿದ್ದಾರೆ. ರಕ್ತ ತೆಗೆಯೋ ಸೂಜಿ ಕಂಡರೆ ಕಿರುಚಿ ಇಡೀ ಆಸ್ಪತ್ರೆ ಒಂದು ಮಾಡ್ತಾಳೆ. ಮೊದಲಿನ ಹಾಗೆ ಆಗ್ತಾಳಾ ಅಂತ ಕೇಳಿದೆ. ಇನ್ನು ಮುಂದೆ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ, ಆಗಿಹೋದದ್ದರಲ್ಲಿ ಎಷ್ಟು ಸರಿಹೋಗುತ್ತೋ ಈಗಲೇ ಹೇಳೋಕಾಗಲ್ಲ ಅಂದ್ರು. ಆ ಮಾತು ಇಟ್ಟುಕೊಂಡು ನಾನು ದಿನಾ ಪಾತ್ರೆ ತೊಳೀತಿದ್ದೀನಿ, ಬಟ್ಟೆ ಹಿಂಡ್ತಿದ್ದೀನಿ.

ಅವಳನ್ನ ನಮ್ಮಮ್ಮನ ಹತ್ತಿರ ಬಿಟ್ಟು, ನಾನೂ ಅಣ್ಣನೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಉಯ್ಯಾಲೆ ಕೆಳಗಿನದ್ದನ್ನ ತೆಗೆದ್ವಿ. ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ ಅಂದಿದ್ರು, ಹಾಗೇ ಮಾಡಿದ್ವಿ. ಚೀಲಗಳನ್ನ ಆಸ್ಪತ್ರೆಯವರು ಹೇಳಿದ ಕಡೆ ಒಪ್ಪಿಸಿಯಾಯ್ತು. ನಿಮ್ಮ ಪೆಟ್ಟಿಗೆ ಇರೋ ಶೆಡ್ಡಿಗೆ ಬೀಗ ಹಾಕಿದ್ದೀನಿ. ಸೀಸ ಕರಗಿಸೋ ಬಾಣಲೆ ಚೀಲಗಳ ಜೊತೆಗೇ ಹೋಯ್ತು, ಗುಂಡಿನ ಅಚ್ಚೂ ಹೋಯ್ತು. ಕೂಗಾಡಬೇಕು ಅನಿಸಿದ್ರೆ ಅಲ್ಲೇ ಕೂಗಾಡಿ, ಅಣ್ಣ ಕೇಳಿಸಿಕೊಳ್ತಾನೆ.

ನೀವು ಬೇಕು ಅಂತ ಮಾಡಲಿಲ್ಲ, ಗೊತ್ತು. ಪ್ರೀತಿಯಿಂದಲೇ ಮಾಡಿದ್ರಿ. ಅದಕ್ಕೇ ಹೊಟ್ಟೆ ಉರಿಯೋದು. ಕೆಟ್ಟವರಾಗಿದ್ರೆ ಶಾಪ ಹಾಕಿ ಕೈ ತೊಳ್ಕೊಳ್ತಿದ್ದೆ. ಆದರೆ ಗೊತ್ತಾದ ಮೇಲೂ ಫೋನ್ ಎತ್ತದೆ ಕೂತಿದ್ದೀರಲ್ಲ, ಅದನ್ನ ನಾನು ಕ್ಷಮಿಸಲ್ಲ. ಅಪ್ಪ ಯಾಕೆ ಮಾತಾಡಲ್ಲ, ನಾನು ಮಾತ್ರೆ ಉಗಿದೆ ಅಂತ ಕೋಪಾನಾ ಅಂತ ಕೇಳ್ತಾಳೆ. ಏನು ಹೇಳಲಿ, ನೀವೇ ಹೇಳಿ. ಬನ್ನಿ. ಬರೋ ಮೊದಲು ನಿಮ್ಮ ರಕ್ತವನ್ನೂ ತೋರಿಸಿಕೊಳ್ಳಿ. ರೇಂಜಿನ ಬಟ್ಟೆ, ಬೂಟು ಅಲ್ಲೇ ಬಿಟ್ಟು ಬನ್ನಿ. ಇಲ್ಲಾಂದ್ರೆ ಅವಳು ಓಡಿ ಬಂದು ತಬ್ಬಿಕೊಳ್ಳೋದನ್ನ ನಾನೇ ತಡೀಬೇಕಾಗುತ್ತೆ.

ಅಮ್ಮ ನಿಮ್ಮನ್ನ ವಿಚಾರಿಸಿದ್ದಾರೆ, ಬೈಗುಳವನ್ನ ನನಗೇ ಬಿಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೀರಿ.

ಇಂತಿ,
ನಿಮ್ಮ ಹೆಂಡತಿ, ಸದ್ಯಕ್ಕೆ ಚೂಟಿಯ ಅಮ್ಮ ಮಾತ್ರ

ಮರೆತಿದ್ದೆ: ಅಣ್ಣ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಅವನಿಗೆ ನಿಮ್ಮ ವಿಳಾಸ ಕೊಡೋಕೆ ಅಂತ ಫೋನಿನಲ್ಲಿ ನಿಮ್ಮ ಹಳೇ ಮೆಸೇಜ್ ಹುಡುಕ್ತಿದ್ದೆ, ನೀವು ಹೋದ ಹೊಸತರಲ್ಲಿ ಕಳಿಸಿದ ಫೋಟೋ ಕಣ್ಣಿಗೆ ಬಿತ್ತು. ಜಾರುಬಂಡೆ, ಅದರ ಕೆಳಗೆ ಕಪ್ಪಗೆ ಹರವಿದ ರಬ್ಬರ್ ಚೂರು, ಅದರಲ್ಲಿ ಬರಿಗಾಲಲ್ಲಿ ನಿಂತು ನಗ್ತಿರೋ ಮಕ್ಕಳು. "ಕ್ಲಬ್ಬಿನ ಹಳೇ ಪೆಟ್ಟಿಗೆ ಬಿಚ್ಚಿದ್ವಿ, ಒಳಗಿದ್ದ ಚೂರನ್ನ ಪಕ್ಕದ ಸ್ಕೂಲಿಗೆ ಪುಕ್ಕಟೆ ಕೊಟ್ವಿ, ಮೇಡಂಗೆ ತುಂಬಾ ಖುಷಿ" ಅಂತ ಬರೆದಿದ್ದೀರಿ. ಯಾವ ಸ್ಕೂಲು ಅಂತ ಬರೆದಿಲ್ಲ. ರೀ, ಈ ಹಾಳೆ ಕೆಳಗಿಟ್ಟು ಮೊದಲು ಏಳಿ. ಅಣ್ಣನನ್ನ ಕರ್ಕೊಂಡು ಈಗಲೇ ಅಲ್ಲಿಗೆ ಹೋಗಿ. ಚೂಟಿಯ ರಿಪೋರ್ಟ್ ಕವರಿನಲ್ಲಿದೆ, ಮೇಡಂ ಕೈಗೆ ಕೊಡಿ, ಇವಳು ನನ್ನ ಮಗಳು ಅಂತ ನಿಮ್ಮ ಬಾಯಿಂದಲೇ ಹೇಳಿ. ಆ ಫೋಟೋದಲ್ಲಿ ಮುಂದೆ ನಿಂತಿರೋ ಪುಟ್ಟ ಹುಡುಗಿ ಬಾಯಲ್ಲಿ ಬೆರಳಿಟ್ಟುಕೊಂಡಿದ್ದಾಳೆ.